ಹಳೇ ಫಾರೆಸ್ಟರ್ ಕೊಳ್ಳೋ ಮುಂಚೆ ಬೆಲ್ಟ್ ಕವರ್ ಬಿಚ್ಚಿಸಿ ನೋಡಿ

ಹಳೇ ಷೆವರ್ಲೆ ಫಾರೆಸ್ಟರ್ ಕಾರು ಕಡಿಮೆ ರೇಟಿಗೆ ಸಿಗ್ತಿದೆ ಅಂತ ಯಾರಾದರೂ ಅಡ್ವಾನ್ಸ್ ಕೊಡೋಕೆ ಹೊರಟಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ, ಆಮೇಲೆ ಕೊಡಿ. ಈಗಾಗಲೇ ಮನೆಯಲ್ಲಿ ಒಂದಿದ್ದು, ಟೈಮಿಂಗ್ ಬೆಲ್ಟ್ (ಇಂಜಿನ್ನಿನ ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸಿ ಮುಚ್ಚಿಸೋ ಹಲ್ಲಿನ ಪಟ್ಟಿ) ಬದಲಿಸೋಕೆ ಹತ್ತಿರದ ಗ್ಯಾರೇಜಿಗೆ ಬಿಡೋಣ ಅಂದುಕೊಂಡಿದ್ದರೂ ಓದಿ. ದೇವರಾಯನದುರ್ಗದ ಇಳಿಜಾರಿನಲ್ಲಿ, ಹಿಂದಿನ ಸೀಟಿನಲ್ಲಿ ಅಮ್ಮ, ಅಕ್ಕನ ಇಬ್ಬರು ಮಕ್ಕಳು ಕೂತಿದ್ದಾಗ ನನ್ನ ಗಾಡಿಯ ಇಂಜಿನ್ ಸತ್ತುಹೋಯಿತು. ಅದು ನಿಮಗೆ ಆಗಬಾರದು ಅನ್ನೋದಕ್ಕೆ ಬರೀತಿದ್ದೀನಿ.

ಮೊದಲು ಈ ಗಾಡಿ ಏನು ಅಂತ ಹೇಳ್ತೀನಿ. ಮುಂದೆ ಷೆವರ್ಲೆ ಗುರುತಿದ್ದರೂ ಅದು ಅಪ್ಪಟ ಸುಬಾರು. ಸುಬಾರು ತಯಾರಿಸುತ್ತಿದ್ದ ಫ್ಯೂಜಿ ಹೆವಿ ಇಂಡಸ್ಟ್ರೀಸ್‌ನಲ್ಲಿ ಆಗ ಜನರಲ್ ಮೋಟಾರ್ಸ್‌ಗೆ ಶೇ 20ರಷ್ಟು ಪಾಲಿತ್ತು. ಹಾಗಾಗಿ ಜಪಾನಿನಿಂದ ಇಡೀ ಗಾಡಿಯನ್ನೇ ತಂದು ಷೆವರ್ಲೆ ಹೆಸರಲ್ಲಿ ಇಲ್ಲಿ ಮಾರಿದರು. 2005ರಲ್ಲಿ ಜಿಎಂ ಆ ಪಾಲನ್ನು ಮಾರಿಬಿಟ್ಟಿತು. 2017ರ ಕೊನೆಗೆ ನಮ್ಮ ದೇಶದಲ್ಲಿ ಕಾರು ಮಾರೋದನ್ನೇ ನಿಲ್ಲಿಸಿತು. ಅಂದರೆ ಈ ಗಾಡಿಗೆ ಈಗ ಇಲ್ಲಿ ತವರುಮನೆ ಅಂತ ಒಂದಿಲ್ಲ. ಕೊಳ್ಳೋವಾಗ ಈ ಮಾತು ನನಗೆ ಗೊತ್ತಿತ್ತು, ಆದರೆ ಅದರ ಭಾರ ಗೊತ್ತಿರಲಿಲ್ಲ.

ಗುಬ್ಬಿ ಹತ್ತಿರ ನಮ್ಮದು ತೆಂಗು, ಅಡಿಕೆ ತೋಟ. ಮಳೆ ಬಿದ್ದರೆ ತೋಟದ ದಾರಿ ಕೆಸರು. ನಾಲ್ಕೂ ಚಕ್ರಕ್ಕೆ ಸದಾ ಎಳೆತ ಇರೋ, ಆದರೆ ಜೀಪಿನ ಹಾಗೆ ಕುಲುಕದ ಗಾಡಿ ಬೇಕಿತ್ತು. ತುಮಕೂರಿನ ಒಬ್ಬ ಬ್ರೋಕರ್ ಹತ್ತಿರ 2006ರ ಗಾಡಿ ಇತ್ತು. ಮೀಟರಿನಲ್ಲಿ 1,12,000 ಕಿಲೋಮೀಟರ್, ಬೆಲೆ 2,60,000 ರೂಪಾಯಿ. ಮನೆಯಲ್ಲಿ ಎಲ್ಲರೂ ಬೇಡ ಅಂದರು. ಸುಬಾರು ಅಂದರೆ ಜಪಾನಿ ಭಾಷೆಯಲ್ಲಿ ಕೃತ್ತಿಕಾ ನಕ್ಷತ್ರ ಅಂತ ಹೇಳಿದಾಗ ಮಾತ್ರ ಅಮ್ಮ ಸುಮ್ಮನಾದರು. ಅಪ್ಪನದು ಕೃತ್ತಿಕೆ. "ಹಂಗಾದ್ರೆ ತಗೊಳ್ಳಪ್ಪ, ನಿಮ್ಮಪ್ಪನ ನಕ್ಷತ್ರ" ಅಂದರು.

ಬೆಲ್ಟ್ ಬದಲಾಗಿದೆಯಾ ಅಂತ ಬ್ರೋಕರನ್ನು ಕೇಳಿದ್ದೆ. "ಎಂಬತ್ತು ಸಾವಿರಕ್ಕೇ ಆಗಿದೆ ಸಾರ್" ಅಂದ. ಬಿಲ್ಲು ಕೇಳಿದೆ. ಹಳೇ ಓನರ್ ಹತ್ತಿರ ಇರಬೇಕು, ಕಳಿಸಿಕೊಡ್ತೀನಿ ಅಂದ. ಬರಲಿಲ್ಲ. ನಾನೂ ಪಟ್ಟು ಹಿಡಿಯಲಿಲ್ಲ. ಸಮಾಧಾನಕ್ಕೆ ನಾನೇ ಒಮ್ಮೆ ಬದಲಿಸಿಬಿಡೋಣ ಅಂತ ನಿರ್ಧಾರ ಮಾಡಿದೆ. ನಿರ್ಧಾರ ಸರಿಯಾಗೇ ಇತ್ತು. ಹಾಳಾಗಿದ್ದು ಯಾರ ಕೈಗೆ ಕೊಟ್ಟೆ ಅನ್ನೋದರಲ್ಲಿ.

ಈ ಇಂಜಿನ್ ನಮ್ಮ ಮಾಮೂಲಿ ಕಾರುಗಳ ಹಾಗಲ್ಲ. 1994 ಸಿಸಿ, ನಾಲ್ಕು ಸಿಲಿಂಡರ್, ಆದರೆ ಯಾವುದೂ ನಿಂತಿಲ್ಲ. ಎಡಕ್ಕೆ ಎರಡು, ಬಲಕ್ಕೆ ಎರಡು ಮಲಗಿವೆ. ಪಿಸ್ಟನ್‌ಗಳು ಬಾಕ್ಸಿಂಗ್ ಆಡೋರ ಮುಷ್ಟಿಯ ಹಾಗೆ ಎದುರುಬದುರು ಚಲಿಸುತ್ತವೆ, ಅದಕ್ಕೇ ಬಾಕ್ಸರ್ ಅನ್ನೋ ಹೆಸರು. ತೂಕ ಕೆಳಗಿರೋದರಿಂದ ತಿರುವಿನಲ್ಲಿ ಗಾಡಿ ನೆಲಕ್ಕೆ ಅಂಟಿಕೊಂಡ ಹಾಗೆ ಹೋಗುತ್ತೆ, ಆ ಸುಖಕ್ಕೇ ಜನ ಇದನ್ನು ಬಿಡೋದಿಲ್ಲ. ಗಾಳಿ ಒಳಗೆ, ಹೊಗೆ ಹೊರಗೆ ಬಿಡೋ ವಾಲ್ವುಗಳು ಕೂತಿರೋ ಹೆಡ್ ಎರಡು, ಅವನ್ನು ತೆರೆಯೋ ಕ್ಯಾಮ್ ಶಾಫ್ಟ್ ಎರಡು, ಇಷ್ಟಕ್ಕೂ ಸೇರಿ ಒಂದೇ ಉದ್ದನೆಯ ಟೈಮಿಂಗ್ ಬೆಲ್ಟ್. ವಾಟರ್ ಪಂಪನ್ನೂ ಅದೇ ತಿರುಗಿಸುತ್ತೆ. ಬೆಲ್ಟ್ ತುಂಡಾದರೆ ಅಥವಾ ಹಲ್ಲು ಜಾರಿದರೆ ತೆರೆದುಕೊಂಡಿರೋ ವಾಲ್ವಿಗೆ ಪಿಸ್ಟನ್ ಬಂದು ಬಡಿಯುತ್ತೆ, ವಾಲ್ವ್ ಬಾಗುತ್ತೆ. ಬೆಲ್ಟನ್ನು ಬಿಗಿಯಾಗಿ ಹಿಡಿದಿರೋದು ಹೆಬ್ಬೆರಳು ಗಾತ್ರದ ಎಣ್ಣೆ ತುಂಬಿದ ಒಂದು ಟೆನ್ಷನರ್. ನನ್ನ ಕಥೆ ಪೂರ್ತಿ ಆ ಸಣ್ಣ ಸಾಮಾನಿನದು.

ನಾನು ಬಿಟ್ಟ ಗ್ಯಾರೇಜಿನವರು ಕೆಟ್ಟವರಲ್ಲ. ನಮ್ಮ ಹಳೇ ಕಾರನ್ನು ಹತ್ತು ವರ್ಷ ನೋಡಿಕೊಂಡವರು, ಒಂದು ರೂಪಾಯಿ ಹೆಚ್ಚಿಗೆ ಕೇಳಿದವರಲ್ಲ. "ಅಣ್ಣ, ಇದನ್ನ ಮೊದಲು ಬಿಚ್ಚಿದ್ದೀರಾ?" ಅಂತ ಕೇಳಿದೆ. "ಇಲ್ಲ ಸಾರ್. ಆದ್ರೆ ಬೆಲ್ಟ್ ಬೆಲ್ಟೇ ಅಲ್ವಾ? ಎಲ್ಲಾ ಇಂಜಿನ್ನೂ ಒಂದೇ" ಅಂದರು. ಆ ಮಾತಿಗೆ ನಾನು ತಲೆಯಾಡಿಸಬಾರದಿತ್ತು. ಬೆಲ್ಟ್ ಮಾತ್ರ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದ್ದೆ. ಟೆನ್ಷನರ್, ಬೆಲ್ಟ್ ಉರುಳೋ ಐಡ್ಲರ್ ಬೇರಿಂಗ್‌ಗಳು ಸಿಕ್ಕಿರಲಿಲ್ಲ. "ಇವೆಲ್ಲಾ ಚೆನ್ನಾಗೇ ಇದಾವೆ, ಹಳೇದೇ ಹಾಕೋಣ" ಅಂದರು.

ಬೆಲ್ಟ್ ತೆಗೆದ ಕೂಡಲೇ ಟೆನ್ಷನರಿನ ಕಡ್ಡಿ ಪೂರ್ತಿ ಹೊರಗೆ ಬರುತ್ತೆ. ಮತ್ತೆ ಹಾಕಬೇಕಾದರೆ ಅದನ್ನು ಒಳಕ್ಕೆ ಒತ್ತಿ, ತೂತಿಗೆ ಪಿನ್ನು ಚುಚ್ಚಿ ಹಿಡಿಸಬೇಕು. ಅವರು ಅದನ್ನು ಸಾಮಾನು ಕಚ್ಚಿ ಹಿಡಿಯೋ ವೈಸ್‌ನಲ್ಲಿ ಅಡ್ಡ ಮಲಗಿಸಿ, ಹಿಡಿಯನ್ನು ನಾಲ್ಕು ಸುತ್ತು ಗರಗರ ತಿರುಗಿಸಿದರು. ಅರ್ಧ ನಿಮಿಷವೂ ಆಗಲಿಲ್ಲ. ಕಡ್ಡಿಯ ಬುಡದಲ್ಲಿ ಒಂದು ಹನಿ ಎಣ್ಣೆ ಹೊಳೆಯಿತು. ಅವರು ಅದನ್ನು ಬನಿಯನ್ ವೇಸ್ಟಿನಿಂದ ಒರೆಸಿ, ಪಿನ್ನು ಹಾಕಿ ಕೂರಿಸಿದರು. ನಾನು ಟೀ ಲೋಟ ಹಿಡಿದು ಪಕ್ಕದಲ್ಲೇ ನಿಂತು ನೋಡ್ತಿದ್ದೆ. ಆ ಹನಿ ಏನು ಅಂತ ಇಬ್ಬರಿಗೂ ಗೊತ್ತಿರಲಿಲ್ಲ.

ಗಾಡಿ ಮೊದಲಿನ ಹಾಗೇ ಓಡಿತು. ಸುಮಾರು ಒಂದು ತಿಂಗಳ ಮೇಲೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮುಂದುಗಡೆಯಿಂದ ಟಕಟಕ ಸದ್ದು ಬರೋಕೆ ಶುರುವಾಯಿತು. ಬಿಸಿಯಾದ ಮೇಲೆ ನಿಲ್ಲುತ್ತಿತ್ತು. ಗ್ಯಾರೇಜಿಗೆ ತೋರಿಸಿದೆ. "ಟ್ಯಾಪೆಟ್ ಸೌಂಡು, ಹಳೇ ಗಾಡಿ ಅಲ್ವಾ" ಅಂದರು. ಸಡಿಲಾದ ಬೆಲ್ಟು ಕವರಿಗೆ ಬಡಿಯೋ ಸದ್ದು ಅದು. ಈ ಗಾಡಿ ಇರೋರು ದಯವಿಟ್ಟು ಇದೊಂದು ನೆನಪಿಡಿ: ತಣ್ಣಗಿದ್ದಾಗ ಬೆಲ್ಟ್ ಕವರಿನ ಕಡೆಯಿಂದ ಟಕಟಕ ಬಂದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ.

ಆ ಶನಿವಾರ ಅಮ್ಮನನ್ನು ದೇವರಾಯನದುರ್ಗದ ಯೋಗಾನರಸಿಂಹನ ದರ್ಶನಕ್ಕೆ ಕರೆದುಕೊಂಡು ಹೋಗಿದ್ದೆ. ಬರುವಾಗ ಕೆಳಗೆ ಭೋಗಾನರಸಿಂಹನ ಗುಡಿಗೂ ಹೋಗಿ, ನಾಮದ ಚಿಲುಮೆಯಲ್ಲಿ ಮಕ್ಕಳಿಗೆ ಜಿಂಕೆ ತೋರಿಸಿ ಮನೆ ಸೇರೋದು ಅಂತಿತ್ತು. ಬೆಟ್ಟ ಇಳಿಯುತ್ತಾ ಒಂದು ತಿರುವಿನ ಮುಂಚೆ ಮೂರನೇ ಗೇರಿನಿಂದ ಎರಡಕ್ಕೆ ಹಾಕಿದೆ. ಇಂಜಿನ್ ಒಮ್ಮೆ ಏರಿತು, ಗರ್ರ್ ಅಂತ ಒಂದು ಕೆಟ್ಟ ಸದ್ದು, ಮೀಟರಿನಲ್ಲಿ ಎಲ್ಲಾ ದೀಪ ಹತ್ತಿಕೊಂಡವು. ಗಾಬರಿಯಲ್ಲಿ ನಾನು ಕ್ಲಚ್ ಒತ್ತಿದೆ. ಅದು ತಪ್ಪು. ಗೇರಿನಲ್ಲೇ ಬಿಟ್ಟಿದ್ದರೆ ಚಕ್ರಗಳೇ ಇಂಜಿನನ್ನು ತಿರುಗಿಸುತ್ತಿದ್ದವು, ಪವರ್ ಸ್ಟೀರಿಂಗ್ ಇರುತ್ತಿತ್ತು. ಕ್ಲಚ್ ಒತ್ತಿದ ಕೂಡಲೇ ಸ್ಟೀರಿಂಗ್ ಕಲ್ಲಾಯಿತು. ಎರಡು ಸಲ ತುಳಿಯೋ ಹೊತ್ತಿಗೆ ಬ್ರೇಕ್ ಪೆಡಲೂ ಗಟ್ಟಿಯಾಯಿತು. ಸೀಟಿನಿಂದ ಅರ್ಧ ಎದ್ದು ಪೆಡಲ್ ಮೇಲೆ ನಿಂತು, ಹ್ಯಾಂಡ್ ಬ್ರೇಕ್ ಎಳೆದು, ಬೆಟ್ಟದ ಕಡೆಯ ಮೋರಿಗೆ ಎಡ ಚಕ್ರ ಇಳಿಸಿ ನಿಲ್ಲಿಸಿದೆ. ಇನ್ನೊಂದು ಬದಿ ಇಳಿಜಾರು. ಅಮ್ಮ "ನರಸಿಂಹಾ" ಅಂದಿದ್ದು ಬಿಟ್ಟರೆ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ.

ಟೋಯಿಂಗ್ ಗಾಡಿ ಬಂತು. ಮುಂದಿನ ಚಕ್ರ ಎತ್ತಿ, ಹಿಂದಿನ ಎರಡನ್ನು ಉರುಳಿಸಿಕೊಂಡು ಊರುಕೆರೆ ಮೇಲೆ ತುಮಕೂರಿಗೆ ಎಳೆಯೋಣ ಅಂದ. ನಾನು ಒಪ್ಪಲಿಲ್ಲ. ಸದಾ ನಾಲ್ಕೂ ಚಕ್ರಕ್ಕೆ ಎಳೆತ ಇರೋ ಗಾಡಿಯಲ್ಲಿ ಎರಡು ಚಕ್ರ ನಿಂತು ಎರಡು ಉರುಳಿದರೆ ನಡುವಿನ ಡಿಫರೆನ್ಷಿಯಲ್ (ಮುಂದಿನ, ಹಿಂದಿನ ಚಕ್ರಗಳಿಗೆ ಎಳೆತ ಹಂಚೋ ಭಾಗ) ಸುಟ್ಟುಹೋಗುತ್ತೆ. ನಾಲ್ಕೂ ಚಕ್ರ ನೆಲ ಬಿಟ್ಟಿರಬೇಕು, ಫ್ಲಾಟ್‌ಬೆಡ್ಡೇ ಬೇಕು. ಅದಕ್ಕಾಗಿ ಮೂರೂವರೆ ಗಂಟೆ ಕಾದೆವು. ಕಾಯಿರಿ, ಪರವಾಗಿಲ್ಲ.

ಬೆಂಗಳೂರಿನಲ್ಲಿ ಈ ಇಂಜಿನ್‌ಗಳನ್ನು ಬಿಚ್ಚಿ ಕಟ್ಟಿದ ಅನುಭವ ಇರೋ ಒಬ್ಬ ಹಿರಿಯರನ್ನು ಹುಡುಕೋಕೆ ಎರಡು ವಾರ ಹಿಡಿಯಿತು. ಅವರು ಕವರ್ ತೆಗೆದು ಮೊದಲು ಮಾಡಿದ್ದು ಟೆನ್ಷನರ್ ಕಳಚಿ ನನ್ನ ಕೈಗೆ ಕೊಟ್ಟಿದ್ದು. "ಒತ್ತು" ಅಂದರು. ಹೆಬ್ಬೆರಳಲ್ಲಿ ಒತ್ತಿದೆ, ಕಡ್ಡಿ ಮೆತ್ತಗೆ ಒಳಗೆ ಹೋಯಿತು. ಅದರ ಮೈಯೆಲ್ಲಾ ಎಣ್ಣೆ ಜಿಡ್ಡು. ಚೆನ್ನಾಗಿರೋದು ಕೈಯಲ್ಲಿ ಒತ್ತಿದರೆ ಅಲುಗೋದೇ ಇಲ್ಲವಂತೆ. ಅದನ್ನು ನೆಟ್ಟಗೆ ನಿಲ್ಲಿಸಿ, ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತು ತಗೊಂಡು, ನಿಧಾನಕ್ಕೆ ಒತ್ತಬೇಕು. ಅವಸರ ಮಾಡಿದರೆ ಒಳಗಿನ ಸೀಲ್ ಕಿತ್ತುಹೋಗುತ್ತೆ, ಎಣ್ಣೆ ಸೋರಿ ಬೆಲ್ಟ್ ಸಡಿಲಾಗಿ ಹಲ್ಲು ಜಾರುತ್ತೆ. ನಾನು ಟೀ ಕುಡಿಯುತ್ತಾ ನೋಡಿದ್ದು ಅದನ್ನೇ.

ಅವರು ಇನ್ನೊಂದು ತೋರಿಸಿದರು, ಇದನ್ನು ನಿಮ್ಮ ಮೆಕ್ಯಾನಿಕ್‌ಗೆ ತಪ್ಪದೆ ಹೇಳಿ. ಪಿಸ್ಟನ್‌ಗಳು ತಿರುಗಿಸೋ ಕ್ರಾಂಕಿನ ಹಲ್ಲುಚಕ್ರದ ಮೇಲೆ ಕಣ್ಣಿಗೆ ಕಾಣೋ ಹಾಗೆ ಒಂದು ಬಾಣದ ಗುರುತಿದೆ. ಎಲ್ಲರೂ ಅದನ್ನೇ ಮೇಲಕ್ಕೆ ನಿಲ್ಲಿಸಿ ಬೆಲ್ಟ್ ಹಾಕ್ತಾರೆ. ಬೆಲ್ಟಿಗೆ ಹೊಂದಿಸಬೇಕಾದ್ದು ಅದಲ್ಲ. ಹಿಂಬದಿಯ ಅಂಚಿನ ಹಲ್ಲಿನ ಮೇಲೆ ಉಗುರಿನಲ್ಲಿ ಗೀರಿದಷ್ಟು ಸಣ್ಣ ಗೆರೆ ಇದೆ, ಅದು. ಕ್ಯಾಮ್ ಚಕ್ರಗಳಲ್ಲೂ ಬಾಣ ಬಿಟ್ಟು ಗೆರೆ ನೋಡಬೇಕು. ಗೆರೆಗೆ ನಿಲ್ಲಿಸಿದಾಗ ನಾಲ್ಕೂ ಪಿಸ್ಟನ್ ನಡುಮಧ್ಯ ಇರುತ್ತವೆ, ವಾಲ್ವಿಗೆ ತಾಗೋದಿಲ್ಲ.

ಎಡ ಹೆಡ್ಡಿನ ವಾಲ್ವ್‌ಗಳು ಬಾಗಿದ್ದವು. ರೇಡಿಯೇಟರಿನಿಂದ ಬಂದಿದ್ದು ಕೆಮ್ಮಣ್ಣು ಕದಡಿದ ಹಾಗಿನ ನೀರು. ಮೊದಲ ಗ್ಯಾರೇಜಿನಲ್ಲಿ ಕೂಲೆಂಟ್ ಬದಲು ನಲ್ಲಿ ನೀರು ತುಂಬಿದ್ದರು. ಹೆಡ್ಡೂ ಬ್ಲಾಕೂ ಅಲ್ಯೂಮಿನಿಯಂ, ಬರೀ ನೀರು ಅದನ್ನೂ ಗ್ಯಾಸ್ಕೆಟ್ಟನ್ನೂ ತಿನ್ನುತ್ತೆ. ಮಲಗಿರೋ ಇಂಜಿನ್ ಆದ್ದರಿಂದ ಒಳಗೆ ಗಾಳಿ ಸಿಕ್ಕಿಕೊಳ್ಳೋದೂ ಹೆಚ್ಚು, ನಿಧಾನವಾಗಿ ತುಂಬಿ ಗಾಳಿ ಬಿಡಿಸಬೇಕು.

ಬಿಡಿಭಾಗಕ್ಕೆ ಹನ್ನೊಂದು ವಾರ ಕಾದೆ. ಷೆವರ್ಲೆ ಅಂತ ಹುಡುಕಿದರೆ ಏನೂ ಸಿಗೋದಿಲ್ಲ, ಸುಬಾರು ಪಾರ್ಟ್ ನಂಬರ್ ಹಿಡಿದು ಹುಡುಕಬೇಕು. ನನಗೆ ಅರ್ಧ ಸಾಮಾನು ದುಬೈನಿಂದ ಬಂತು. ವಾಲ್ವ್, ಗ್ಯಾಸ್ಕೆಟ್, ಟೆನ್ಷನರ್, ಐಡ್ಲರ್, ವಾಟರ್ ಪಂಪ್, ಹೆಡ್ ಫೇಸಿಂಗ್, ಕೂಲಿ ಎಲ್ಲಾ ಸೇರಿ 1,34,000 ರೂಪಾಯಿ. ಸಾಮಾನು ಪೂರ್ತಿ ಕೈಗೆ ಬರೋ ತನಕ ಇಂಜಿನ್ ಬಿಚ್ಚಿಸಬೇಡಿ. ಹಳೇದೇ ಹಾಕೋಣ ಅನ್ನೋ ಮಾತು ಹುಟ್ಟೋದೇ ಬಿಚ್ಚಿಟ್ಟ ಇಂಜಿನ್ ಮುಂದೆ.

ಮಾಡಿಫಿಕೇಶನ್ ವಿಷಯವೂ ಅಲ್ಲೇ ಬಯಲಾಯಿತು. ಹಿಂದಿನ ಯಾರೋ ಸೈಲೆನ್ಸರ್ ಸದ್ದಿಗೋಸ್ಕರ ಹೊಗೆಯ ವಿಷ ಕಡಿಮೆ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಕತ್ತರಿಸಿ ನೇರ ಪೈಪ್ ಬೆಸೆದಿದ್ದರು. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತೆ, ಗುಜರಿಯಲ್ಲಿ ಒಳ್ಳೇ ಬೆಲೆ. ಕನ್ವರ್ಟರ್ ಇಲ್ಲದಿದ್ದರೆ ಹೊಗೆ ತಪಾಸಣೆಯಲ್ಲಿ ಕಷ್ಟ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರೋ ವಿವರಕ್ಕೆ ವ್ಯತ್ಯಾಸ ಬರೋ ಬದಲಾವಣೆ ಮಾಡೋ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಟೈರ್ ಹಿಂದಿನ ಎರಡು ಹೊಸವು, ಮುಂದಿನ ಎರಡು ಸವೆದವು. ಈ ಗಾಡಿಗೆ ಅದೂ ಆಗೋದಿಲ್ಲ, ಸುತ್ತಳತೆಯಲ್ಲಿ 6 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಒಣ ಕಾಂಕ್ರೀಟ್ ಮೇಲೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಒಂದು ಸುತ್ತು ಹಾಕಿ ನೋಡಿ. ಯಾರೋ ಹಿಡಿದೆಳೆದ ಹಾಗೆ ಗಾಡಿ ತಡೆದು ತಡೆದು ಹೋದರೆ ನಡುವಿನ ಡಿಫರೆನ್ಷಿಯಲ್ ಹೋಗಿದೆ ಅಂತ ಅರ್ಥ. ತೋಟದ ಕೆಸರಿನಲ್ಲಿ ಅದು ಗೊತ್ತಾಗೋದೇ ಇಲ್ಲ.

ಬೆಲೆ ಬಗ್ಗೆ. "ಅಪರೂಪದ ಗಾಡಿ ಸಾರ್, ಮುಂದೆ ರೇಟ್ ಏರುತ್ತೆ" ಅಂತ ಬ್ರೋಕರ್ ಹೇಳಿದ್ದ. ಅಪರೂಪ ಹೌದು. ಆದರೆ ಕೊಳ್ಳೋರೂ ಅಷ್ಟೇ ಅಪರೂಪ. ನನ್ನ ಲೆಕ್ಕದಲ್ಲಿ ಇದರ ಬೆಲೆ ಅಂದರೆ ಅದರ ಬಿಲ್ಲುಗಳ ಫೈಲು. ಫೈಲು ಇಲ್ಲದ ಗಾಡಿಗೆ ಹೇಳಿದ ರೇಟಿನಿಂದ ಒಂದೂಕಾಲು ಲಕ್ಷ ಕಳೆದೇ ಮಾತು ಶುರುಮಾಡಿ. ಆರ್‌ಸಿಯನ್ನೂ ಕೈಯಲ್ಲಿ ಹಿಡಿದು ನೋಡಿ. 15 ವರ್ಷ ಆದಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಿಂದ ಅದರ ಶುಲ್ಕ ಮಾಮೂಲಿ ಕಾರಿಗೆ 5,000, ಇಂಪೋರ್ಟೆಡ್ ಕಾರಿಗೆ 40,000 ರೂಪಾಯಿ. 20 ವರ್ಷ ದಾಟಿದ ಗಾಡಿಗೆ 2025ರ ಆಗಸ್ಟ್‌ನಲ್ಲಿ ಎರಡನ್ನೂ ದುಪ್ಪಟ್ಟು ಮಾಡಿದ್ದಾರೆ. ಫಾರೆಸ್ಟರ್ ಪೂರ್ತಿ ಜಪಾನಿನಿಂದಲೇ ಬಂದಿದ್ದು, ಆದ್ದರಿಂದ ನೀವು ನೋಡ್ತಿರೋ ಗಾಡಿ ಹೇಗೆ ನಮೂದಾಗಿದೆ ಅಂತ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಂಡೇ ದುಡ್ಡು ಕೊಡಿ.

ನೋಡೋಕೆ ಹೋಗುವಾಗ ಒಂದು 10 ನಂಬರ್ ಸ್ಪ್ಯಾನರ್ ಜೇಬಲ್ಲಿರಲಿ. ಇಂಜಿನ್ ಮುಂದೆ ಎಡಬಲದ ಪ್ಲಾಸ್ಟಿಕ್ ಕವರುಗಳು ಅದರಲ್ಲೇ ಬಿಚ್ಚುತ್ತವೆ. ಬೆಲ್ಟು ಬಿರುಕು ಬಿಟ್ಟಿದೆಯಾ, ಎಣ್ಣೆ ಕುಡಿದಿದೆಯಾ ಅಂತ ಕಾಣುತ್ತೆ. ಟೆನ್ಷನರ್ ಮಾತ್ರ ಕ್ರಾಂಕ್ ಪುಲ್ಲಿ ತೆಗೆಯದೆ ಕಾಣೋದಿಲ್ಲ, ಅದಕ್ಕೆ ಬಿಲ್ಲೇ ಸಾಕ್ಷಿ. ಬಿಲ್ಲಿನಲ್ಲಿ ಬೆಲ್ಟ್ ಒಂದೇ ಬರೆದಿದ್ದರೆ ಆ ಕೆಲಸ ಆಗೇ ಇಲ್ಲ ಅಂತ ಲೆಕ್ಕ ಹಿಡಿಯಿರಿ. ನನ್ನ ಹಳೇ ಟೆನ್ಷನರನ್ನು ಎಸೆದಿಲ್ಲ. ಮೊದಲ ಗ್ಯಾರೇಜಿನ ಅಣ್ಣನಿಗೂ ತಗೊಂಡು ಹೋಗಿ ತೋರಿಸಿದೆ. ಅವರು ತುಂಬಾ ಹೊತ್ತು ಅದನ್ನು ಒತ್ತಿ ಒತ್ತಿ ನೋಡಿ, "ಇದನ್ನ ಇಲ್ಲೇ ಬಿಡ್ತೀರಾ ಸಾರ್, ಹುಡುಗರಿಗೆ ತೋರಿಸ್ತೀನಿ" ಅಂದರು. ಈಗ ಅದು ಅವರ ವೈಸ್ ಪಕ್ಕದ ಶೆಲ್ಫಿನಲ್ಲಿದೆ.