ಥರ್ಮೋಸ್ಟಾಟ್ ಕಿತ್ತು ಹಾಕಿ, ಸೆನ್ಸರ್‌ಗೆ ಬಿಲ್ ಮಾಡಿದರು. ಹುಷಾರು!

ಹಾಸನದ ಕಡೆಯವರು, ಅದರಲ್ಲೂ ಸಕಲೇಶಪುರ, ಮೂಡಿಗೆರೆ ಅಂತ ಚಳಿಯಲ್ಲಿ ಓಡಾಡುವವರು ಇದನ್ನು ಪೂರ್ತಿ ಓದಿ. ಥರ್ಮೋಸ್ಟಾಟ್ ಅಂದರೆ ಎಂಜಿನ್ ಬಿಸಿಯಾಗುವ ತನಕ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್. ಗ್ಯಾರೇಜ್ ಹೆಸರು ಹಾಕುತ್ತಿಲ್ಲ. ಈ ಕೆಲಸ ಮಾಡುವವರು ಅವರೊಬ್ಬರೇ ಅಲ್ಲ ಅಂತ ಈಗ ಗೊತ್ತಾಗಿದೆ.

ನಮ್ಮದು ಪೆಟ್ರೋಲ್ ಕಾರು. ಬೇಸಿಗೆಯಲ್ಲಿ ಹೀಟ್ ಆಗುತ್ತಿದೆ ಅಂತ ಕೊಟ್ಟಿದ್ದೆ. ರೇಡಿಯೇಟರ್ ಫ್ಯಾನ್ ಮೋಟಾರ್ ಹೋಗಿದೆ ಅಂದರು, ಹೊಸದು ಹಾಕಿದರು, ಕೂಲಂಟ್ ಬದಲಾಯಿಸಿದರು, ದುಡ್ಡು ಕೊಟ್ಟು ಬಂದೆ. ಚಳಿಗಾಲ ಬಂತು ನೋಡಿ, ಡ್ಯಾಶ್‌ಬೋರ್ಡಿನ ನೀಲಿ ದೀಪ ಆರುವುದೇ ಇಲ್ಲ! ಎಂಜಿನ್ ಇನ್ನೂ ಬಿಸಿಯಾಗಿಲ್ಲ ಅಂತ ತೋರಿಸುವ ದೀಪ ಅದು, ಸ್ವಲ್ಪ ದೂರ ಹೋಗುವಷ್ಟರಲ್ಲಿ ಆರಬೇಕು, ಅಲ್ವಾ? ನಮ್ಮದು ಏರು ಹತ್ತುವಾಗ ಆರುತ್ತೆ, ಇಳಿಜಾರು ಬಂದರೆ ಮತ್ತೆ ಹೊತ್ತಿಕೊಳ್ಳುತ್ತೆ. ಹೀಟರ್ ಹಾಕಿದರೆ ತಣ್ಣನೆ ಗಾಳಿ. ಅಮ್ಮ ಕಾರಿನೊಳಗೇ ಶಾಲು ಹೊದ್ದು ಕೂರುತ್ತಿದ್ದರು. ಲೀಟರಿಗೆ 17 ಕೊಡುತ್ತಿದ್ದ ಗಾಡಿ 13ಕ್ಕೆ ಇಳಿಯಿತು.

ಅದೇ ಗ್ಯಾರೇಜಿಗೆ ಹೋದೆ. ಸ್ಕ್ಯಾನರ್ ಹಾಕಿದರು, ಪಿ0128 ಅಂತ ಕೋಡ್ ಬಂತು. "ಟೆಂಪರೇಚರ್ ಸೆನ್ಸರ್ ಹೋಗಿದೆ ಸರ್" ಅಂದರು. 1,850 ರೂಪಾಯಿ. ದೀಪ ಹಾಗೇ ಇತ್ತು. ಮತ್ತೆ ಹೋದರೆ ಇಂಜೆಕ್ಟರ್ ಕ್ಲೀನಿಂಗ್, 2,400. ದೀಪ ಹಾಗೇ! ಆಮೇಲೆ ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಬಿಚ್ಚಿ ಬೆಂಗಳೂರಿಗೆ ಕಳಿಸಬೇಕು ಅಂತ ಶುರು ಮಾಡಿದರು. ಆಗ ಗಾಡಿ ತಿರುಗಿಸಿಕೊಂಡು ಬಂದೆ.

ಸಕಲೇಶಪುರದಲ್ಲಿ ವಯಸ್ಸಾದ ಒಬ್ಬ ಮೆಕ್ಯಾನಿಕ್ ಇದ್ದಾರೆ. ರಾತ್ರಿ ಗಾಡಿ ಬಿಟ್ಟು ಹೋಗಿ ಅಂದರು, ಬೆಳಿಗ್ಗೆ ನನ್ನ ಎದುರೇ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ ನೋಡ್ತಾ ಇರಿ ಅಂದರು. ಥರ್ಮೋಸ್ಟಾಟ್ ಸರಿ ಇದ್ದರೆ ಎಂಜಿನ್ 80 ಡಿಗ್ರಿ ಮುಟ್ಟುವ ತನಕ ಆ ಹೋಸಿಗೆ ಅಷ್ಟಾಗಿ ಬಿಸಿ ಬರಬಾರದು, ಆಮೇಲೆ ಒಮ್ಮೆಲೇ ಸುಡಬೇಕು. ನಮ್ಮದು ಮೊದಲಿಂದಲೇ ಚೂರು ಚೂರೇ ಬೆಚ್ಚಗಾಗುತ್ತಾ ಹೋಯಿತು. "ತೆರೆದುಕೊಂಡೇ ಸಿಕ್ಕಿಹಾಕ್ಕೊಂಡಿರಬೇಕು" ಅಂತ, ಎಂಜಿನ್ ತಣ್ಣಗಾದ ಮೇಲೆ ಥರ್ಮೋಸ್ಟಾಟ್ ಕೂರುವ ಹೌಸಿಂಗ್ ಬಿಚ್ಚಿದರು.

ಒಳಗೆ ಏನೂ ಇಲ್ಲ. ಖಾಲಿ ತೂತು, ಸುತ್ತ ಕಪ್ಪು ಗ್ಯಾಸ್ಕೆಟ್ ಪೇಸ್ಟ್. ಥರ್ಮೋಸ್ಟಾಟೇ ಇಲ್ಲ! ಅವರು ನನ್ನ ಮುಖ ನೋಡಿದರು, ನನಗೆ ನಾಚಿಕೆಯಿಂದ ಏನು ಹೇಳಬೇಕು ಅಂತಲೇ ತೋಚಲಿಲ್ಲ. ಇಲ್ಲದ ಸಾಮಾನಿನ ತೊಂದರೆಗೆ ನಾನು ಸೆನ್ಸರ್ ಹಾಕಿಸಿದ್ದೇನೆ, ಇಂಜೆಕ್ಟರ್ ತೊಳೆಸಿದ್ದೇನೆ.

ಅಲ್ಲೇ ನಿಂತು ಗ್ಯಾರೇಜಿಗೆ ಫೋನ್ ಮಾಡಿದೆ. ಉತ್ತರ ಕೇಳಿ: "ನಮ್ಮ ಕಡೆ ಬಿಸಿಲಿಗೆ ಅದು ಬೇಡ ಸರ್, ತೆಗೆದರೆ ಎಂಜಿನ್ ಕೂಲಾಗಿರುತ್ತೆ. ಎಲ್ಲರಿಗೂ ತೆಗೀತೀವಿ, ಯಾರೂ ಕೇಳಿಲ್ಲ." ಹಾಗಾದರೆ ಸೆನ್ಸರ್ ಯಾಕೆ ಹಾಕಿದಿರಿ ಅಂದೆ. "ಸ್ಕ್ಯಾನರಲ್ಲಿ ಕೋಡ್ ಬಂತಲ್ಲ ಸರ್." ಅಲ್ರೀ, ಆ ಕೋಡಿನ ಅರ್ಥವೇ ಕೂಲಂಟ್ ಥರ್ಮೋಸ್ಟಾಟಿನ ಬಿಸಿ ಮುಟ್ಟುತ್ತಿಲ್ಲ ಅಂತ! ಥರ್ಮೋಸ್ಟಾಟ್ ತೆಗೆದವರೇ ನೀವು! "ಅದು ಹುಡುಗರು ಮಾಡಿರ್ತಾರೆ ಸರ್, ನಂಗೊತ್ತಿಲ್ಲ" ಅಂತ ಫೋನ್ ಇಟ್ಟರು. ಮೊದಲು ಎಲ್ಲರಿಗೂ ತೆಗೀತೀವಿ, ಆಮೇಲೆ ನಂಗೊತ್ತಿಲ್ಲ. ಒಂದೇ ಫೋನಿನಲ್ಲಿ!

ಎಂಜಿನ್ ತಣ್ಣಗಿದ್ದರೆ ಒಳ್ಳೆಯದು ಅನ್ನುವುದು ಸುಳ್ಳು. ಬಿಸಿಯಾಗದ ಎಂಜಿನ್ನಿಗೆ ಇಸಿಎಂ ಪೆಟ್ರೋಲ್ ಜಾಸ್ತಿ ಸುರಿಯುತ್ತೆ, ಆಯಿಲ್ ಹಾಳಾಗುತ್ತೆ, ಸವೆತ ಜಾಸ್ತಿ. ಹೊಸ ಥರ್ಮೋಸ್ಟಾಟಿಗೆ ಸಾವಿರ ರೂಪಾಯಿಯೂ ಆಗಲಿಲ್ಲ. ಈಗ ಹೆದ್ದಾರಿಯಲ್ಲೂ 88, 90 ಡಿಗ್ರಿಯಲ್ಲಿ ನಿಲ್ಲುತ್ತೆ, ಹೀಟರ್ ಬಿಸಿ ಬರುತ್ತೆ.

ಕೂಲಂಟ್ ಕೆಲಸಕ್ಕೆ ಕೊಟ್ಟರೆ ಪಕ್ಕದಲ್ಲೇ ನಿಂತಿರಿ. ಬಿಚ್ಚಿದ ಹಳೇ ಸಾಮಾನು ಕೈಗೆ ಕೇಳಿ, ಕೊಡದಿದ್ದರೆ ದುಡ್ಡು ಕೊಡಬೇಡಿ. ಹೋಸ್ ನೀವೇ ಮುಟ್ಟಿ ನೋಡುವುದಾದರೆ ಫ್ಯಾನಿನಿಂದ ಕೈ ದೂರ ಇರಲಿ, ಬಿಸಿ ಇದ್ದಾಗ ರೇಡಿಯೇಟರ್ ಕ್ಯಾಪ್ ತೆಗೆಯಲೇಬೇಡಿ.

4,250 ರೂಪಾಯಿ ವಾಪಸ್ ಕೇಳಿದ್ದೇನೆ, ಇನ್ನೂ ಉತ್ತರ ಇಲ್ಲ. ಬಿಲ್ಲುಗಳಿವೆ, ಖಾಲಿ ಹೌಸಿಂಗಿನ ಫೋಟೋ ಇದೆ. ಕೊಡದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.