ಶೇ 40 ರಿಯಾಯಿತಿಯ ಫೇರ್ ಟ್ರೇಡ್ ಕಾಫಿ: ಗಂಜ್ ಗುಮಾಸ್ತನ ಲೆಕ್ಕ

ಎಂ.ಆರ್.ಪಿ. 650 ರೂಪಾಯಿ, ಅದರ ಮೇಲೊಂದು ಗೀಟು, ಪಕ್ಕದಲ್ಲಿ ಕೆಂಪಕ್ಷರದಲ್ಲಿ 390. ಕಾಲು ಕಿಲೋ ‘ಫೇರ್ ಟ್ರೇಡ್’, ಅಂದರೆ ಬೆಳೆಗಾರನಿಗೆ ನ್ಯಾಯವಾದ ಬೆಲೆ ಕೊಟ್ಟು ಕೊಂಡದ್ದೆಂಬ, ಫಿಲ್ಟರ್ ಕಾಫಿ ಪುಡಿ, ಇಂದು ರಾತ್ರಿಯವರೆಗೆ ಮಾತ್ರ. ವಾರಗಳು ಕಳೆದಿವೆ, ಆ ರಾತ್ರಿ ಇನ್ನೂ ಮುಗಿದಿಲ್ಲ.

ಕಲಬುರಗಿಯ ಧಾನ್ಯ ಮಾರುಕಟ್ಟೆಯಾದ ನೆಹರು ಗಂಜಿನ ಅಡತ್ (ದಲ್ಲಾಳಿ) ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಗಂಜಿನಲ್ಲಿ ಎಲ್ಲರೂ ಚಹಾದವರು. ನಮ್ಮ ಮನೆಗೆ ಕಾಫಿ ಫಿಲ್ಟರ್ ಬಂದದ್ದು ಸಕಲೇಶಪುರದ ಸೊಸೆಯ ಜೊತೆಗೆ. ಬೀಗರು ಬಸ್ಸಿನಲ್ಲಿ ಪುಡಿ ಕಳುಹಿಸುತ್ತಿದ್ದರು. ಎಷ್ಟು ಹೇಳಿದರೂ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಆ ಸಂಕೋಚಕ್ಕೆ ಆನ್‌ಲೈನ್ ಖರೀದಿ ಆರಂಭವಾಯಿತು. ಈ ಸಲ ಪರೀಕ್ಷೆಗೆಂದೇ ಎರಡು ಪೊಟ್ಟಣ ತರಿಸಿದೆ: ಮೇಲೆ ಹೇಳಿದ ಶೇ 40 ರಿಯಾಯಿತಿಯದು ಒಂದು, ಇನ್ನೊಂದು ಕಡೆಯಿಂದ ಶೇ 15 ರಿಯಾಯಿತಿಯದು. ಎರಡೂ 250 ಗ್ರಾಂ, ಎರಡರ ಮೇಲೂ ಫೇರ್ ಟ್ರೇಡ್ ಎಂಬ ಮಾತು ಇದೆ.

ಮೊದಲನೆಯದಕ್ಕೆ 390ರ ಜೊತೆ 50 ರೂಪಾಯಿ ಸಾಗಣೆ ಸೇರಿ 440 ಆಯಿತು. ಎರಡನೆಯದರ ಎಂ.ಆರ್.ಪಿ. 560, ರಿಯಾಯಿತಿ ಕಳೆದು 476, ಸಾಗಣೆ ಉಚಿತ. ಶೇ 40 ಮತ್ತು ಶೇ 15ರ ನಡುವಿನ ಅಷ್ಟು ದೊಡ್ಡ ಅಂತರ ಕೈಗೆ ಸಿಕ್ಕಾಗ 36 ರೂಪಾಯಿ. ಪೊಟ್ಟಣದ ಮೇಲೆ ಗ್ರಾಂ ಲೆಕ್ಕದ ಬೆಲೆಯನ್ನು ಅಚ್ಚು ಮಾಡಬೇಕೆಂಬ ನಿಯಮವೇನೋ ಇದೆ, ಆದರೆ ಅದು ಎಂ.ಆರ್.ಪಿ.ಯ ಲೆಕ್ಕ. ನಾವು ಕೊಟ್ಟ ಹಣದ ಭಾಗಾಕಾರವನ್ನು ನಾವೇ ಮಾಡಬೇಕು.

ಭಾಗಾಕಾರ ಮಾಡುವ ಮುನ್ನ ಮೊದಲ ಪೊಟ್ಟಣವನ್ನು ತಿರುಗಿಸಿದೆ. ಹಿಂಬದಿಯ ಸಣ್ಣಕ್ಷರದಲ್ಲಿ ‘ಕಾಫಿ ಶೇ 80, ಚಿಕೋರಿ ಶೇ 20’ ಎಂದಿತ್ತು. ಚಿಕೋರಿ ಎಂದರೆ ಒಂದು ಗಿಡದ ಹುರಿದ ಬೇರಿನ ಪುಡಿ. ಅದರ ಮೇಲೆ ನನಗೆ ದ್ವೇಷವಿಲ್ಲ, ಡಿಕಾಕ್ಷನ್ ಗಟ್ಟಿಯಾಗುತ್ತದೆ. ಮಿಶ್ರಣದಲ್ಲಿ ಕನಿಷ್ಠ ಶೇ 51 ಕಾಫಿ ಇರಬೇಕು, ಚಿಕೋರಿಯ ಪ್ರಮಾಣವನ್ನು ಹೇಳಬೇಕು ಎಂಬುದು ಕಾನೂನು. ಇವರು ಅದನ್ನು ಪಾಲಿಸಿದ್ದಾರೆ. ಮಾರಾಟದ ಪುಟದ ಚಿತ್ರಗಳಲ್ಲಿ ಮಾತ್ರ ಪೊಟ್ಟಣದ ಹಿಂಬದಿ ಎಲ್ಲಿಯೂ ಕಾಣಲಿಲ್ಲ. ಅಂದರೆ 440 ರೂಪಾಯಿಗೆ ನನಗೆ ಬಂದ ಕಾಫಿ 200 ಗ್ರಾಂ, ಗ್ರಾಮಿಗೆ 2 ರೂಪಾಯಿ 20 ಪೈಸೆ. ಎರಡನೆಯದು ಶುದ್ಧ ಕಾಫಿ, ಗ್ರಾಮಿಗೆ 1 ರೂಪಾಯಿ 90 ಪೈಸೆ. ದೊಡ್ಡ ರಿಯಾಯಿತಿಯದೇ ದುಬಾರಿ.

ಇನ್ನು ಬೆಳೆಗಾರನ ಪಾಲಿನ ವಿಷಯ. ಇದನ್ನು ಗಂಜಿನವರು ಸುಲಭವಾಗಿ ಹಿಡಿಯುತ್ತಾರೆ, ಏಕೆಂದರೆ ಫೇರ್‌ಟ್ರೇಡ್‌ನ ಕನಿಷ್ಠ ಬೆಲೆ ನಮ್ಮ ತೊಗರಿಯ ಬೆಂಬಲ ಬೆಲೆಯಂತೆಯೇ ನಡೆಯುತ್ತದೆ. 2023–24ರಲ್ಲಿ ತೊಗರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 7,000 ಇತ್ತು. ಮಾರುಕಟ್ಟೆ 10,000 ದಾಟಿತ್ತು. ಖರೀದಿ ಕೇಂದ್ರದ ಕಡೆಗೆ ಯಾರು ಹೋಗುತ್ತಾರೆ? ಹಾಗೆಯೇ, ತೊಳೆದು ಸಂಸ್ಕರಿಸಿದ ಅರೇಬಿಕಾ ಜಾತಿಯ ಕಾಫಿಗೆ 2023ರ ಆಗಸ್ಟ್‌ನಿಂದ ಫೇರ್‌ಟ್ರೇಡ್ ಕನಿಷ್ಠ ಬೆಲೆ ಪೌಂಡಿಗೆ 1.80 ಡಾಲರ್. 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಮಾರುಕಟ್ಟೆ 4 ಡಾಲರ್ ದಾಟಿತು. ಕನಿಷ್ಠ ಬೆಲೆ, ಮಾರುಕಟ್ಟೆ ಬೆಲೆ ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಕೊಡಬೇಕು ಎಂಬುದು ನಿಯಮ. ಹಾಗಾಗಿ ದರ ಏರಿದ ಕಾಲದಲ್ಲಿ ಆ ಕನಿಷ್ಠ ಬೆಲೆಗೆ ಕೆಲಸವಿಲ್ಲ. ಬೆಲೆ ಬಿದ್ದ ವರ್ಷ ಅದರ ನೆನಪಾಗುತ್ತದೆ.

ಆಗಲೂ ಈಗಲೂ ಬೆಲೆಯ ಮೇಲೆ ಹೆಚ್ಚುವರಿಯಾಗಿ ತಪ್ಪದೆ ಸಿಗುವುದು ಪೌಂಡಿಗೆ 20 ಸೆಂಟ್‌ನ ಪ್ರೀಮಿಯಂ. ಅದು ಬೆಳೆಗಾರರ ಸಂಘಕ್ಕೆ ಹೋಗುತ್ತದೆ, ಹೇಗೆ ಖರ್ಚು ಮಾಡಬೇಕೆಂಬುದನ್ನು ಸದಸ್ಯರೇ ತೀರ್ಮಾನಿಸುತ್ತಾರೆ. ಹುರಿದಾಗ ಬೀಜದ ತೂಕ ಸುಮಾರು ಆರನೇ ಒಂದು ಭಾಗ ಇಳಿಯುತ್ತದೆ, ಆದ್ದರಿಂದ 250 ಗ್ರಾಂ ಶುದ್ಧ ಕಾಫಿ ಪುಡಿಗೆ 300 ಗ್ರಾಂ ಹಸಿ ಬೀಜ ಬೇಕು ಎನ್ನೋಣ. ಡಾಲರನ್ನು ರೂಪಾಯಿಗೆ ತಿರುಗಿಸಿದರೆ ಅಂಥ ಇಡೀ ಪೊಟ್ಟಣದಲ್ಲಿ ಪ್ರೀಮಿಯಂ ಇರುವುದು 11 ರೂಪಾಯಿಯ ಆಸುಪಾಸು. ಅದು ತೂಕದ ಮೇಲೆ ಬರುವ ಹಣ, ಮಾರಾಟ ಬೆಲೆಯ ಮೇಲಲ್ಲ. ಹಸಿ ಬೀಜ ಕೊಂಡಾಗಲೇ ಅದರ ಪಾವತಿ ಮುಗಿಯುತ್ತದೆ. ಪೊಟ್ಟಣವನ್ನು 650ಕ್ಕೆ ಮಾರಿದರೂ ಅಷ್ಟೇ, 390ಕ್ಕೆ ಮಾರಿದರೂ ಅಷ್ಟೇ. ‘ರಿಯಾಯಿತಿಯಲ್ಲಿ ಕೊಂಡರೆ ರೈತನ ಪಾಲನ್ನು ಕಿತ್ತಂತಲ್ಲವೇ ಮಾವ?’ ಎಂದು ಸೊಸೆ ಕೇಳಿದಳು. ಇಲ್ಲಮ್ಮ, ಕಿತ್ತದ್ದು ಹುರಿಯುವವನ ಅಥವಾ ಮಾರುವವನ ಲಾಭ, ಅದೂ ಎಂ.ಆರ್.ಪಿ. ಮೊದಲೇ ಉಬ್ಬಿರದಿದ್ದರೆ.

ಅಷ್ಟಕ್ಕೂ ಮೊದಲ ಪೊಟ್ಟಣದಲ್ಲಿ ಆ ಪ್ರೀಮಿಯಂ ಇದೆಯೇ ಎಂಬುದೇ ನನ್ನ ಸಂಶಯ. ಆ ಕನಿಷ್ಠ ಬೆಲೆ, ಪ್ರೀಮಿಯಂಗಳ ನಿಯಮ ಮಾಡುವ ಸಂಸ್ಥೆಯಾದ ಫೇರ್‌ಟ್ರೇಡ್ ಇಂಟರ್‌ನ್ಯಾಷನಲ್‌ನ ಗುರುತು ಎಂದರೆ ನೀಲಿ ಹಸಿರು ಬಣ್ಣಗಳ ನಡುವೆ ಕೈ ಎತ್ತಿದ ಆಕೃತಿ. ಇದರ ಮೇಲೆ ಅದಿಲ್ಲ. ಎರಡು ಅಂಗೈಗಳ ನಡುವೆ ಒಂದು ಎಲೆ, ಕೆಳಗೆ ‘ಫೇರ್ ಟ್ರೇಡ್’ ಎಂಬ ಬರಹ. ಜೊತೆಗೆ ‘ಒಂದೇ ಎಸ್ಟೇಟಿನ ಬೆಳೆ’ ಎಂಬ ಹೆಮ್ಮೆ ಬೇರೆ. ಆ ಸಂಸ್ಥೆ ಕಾಫಿಗೆ ಗುರುತು ಕೊಡುವುದು ಸಣ್ಣ ಬೆಳೆಗಾರರ ಸಂಘಗಳಿಗೆ, ಎಸ್ಟೇಟುಗಳಿಗಲ್ಲ. ಯಾರ ಪ್ರಮಾಣಪತ್ರ ಎಂದು ಮಾರಾಟಗಾರರಿಗೆ ಬರೆದು ಕೇಳಿದೆ. ‘ನಾವು ರೈತರನ್ನು ಗೌರವಿಸುತ್ತೇವೆ’ ಎಂಬ ಉತ್ತರ ಬಂತು. ಅದು ಪ್ರಮಾಣಪತ್ರವಲ್ಲ. ಎರಡನೆಯದರ ಮೇಲೆ ಆ ಗುರುತೂ ಇದೆ, ಆಂಧ್ರದ ಗುಡ್ಡಗಾಡಿನ ಬುಡಕಟ್ಟು ಬೆಳೆಗಾರರ ಸಂಘದ ಹೆಸರೂ ಇದೆ.

ರುಚಿಗೆ ಬರೋಣ. ಮೊದಲನೆಯದನ್ನು ಪ್ಯಾಕ್ ಮಾಡಿ ಆರು ತಿಂಗಳಾಗಿತ್ತು, ಹುರಿದ ದಿನಾಂಕ ಇರಲಿಲ್ಲ. ಪುಡಿಯಾದ ಕಾಫಿ ಬೀಜಕ್ಕಿಂತ ಬಹಳ ಬೇಗ ಘಮ ಕಳೆದುಕೊಳ್ಳುತ್ತದೆ. ಬಿಸಿನೀರು ಹೊಯ್ದರೆ ತಾಜಾ ಪುಡಿ ನೊರೆಗಟ್ಟಿ ಉಬ್ಬಬೇಕು, ಇದು ಮಿಸುಕಲಿಲ್ಲ. ಬಣ್ಣ ದಟ್ಟವಾಗಿ ಬಂತು, ಕಹಿಯೂ ಬಂತು, ಕಾಫಿ ಬರಲಿಲ್ಲ. ಎರಡನೆಯದನ್ನು ಹುರಿದು ಇನ್ನೂ ತಿಂಗಳಾಗಿರಲಿಲ್ಲ. ಪೊಟ್ಟಣ ಕತ್ತರಿಸಿದಾಗ ಪಕ್ಕದ ಕೋಣೆಯಲ್ಲಿದ್ದ ನನ್ನ ಹೆಂಡತಿ ‘ಏನದು?’ ಎಂದು ಎದ್ದು ಬಂದಳು.

ಆದರೆ ಅದರಲ್ಲಿಯೂ ಒಂದು ತೊಡಕಿದೆ. ಅದು ಹದವಾಗಿ ಹುರಿದ ಅಪ್ಪಟ ಅರೇಬಿಕಾ, ಹಾಲಿಲ್ಲದೆ ಕುಡಿಯುವವರಿಗಾಗಿ ಮಾಡಿದ್ದು. ಬರೀ ಡಿಕಾಕ್ಷನ್ನಿಗೆ ತುಸು ಹುಳಿ, ಕೊನೆಯಲ್ಲಿ ಸಿಹಿ, ಚೆನ್ನಾಗಿಯೇ ಇತ್ತು. ನಮ್ಮ ಮನೆಯ ಎಮ್ಮೆ ಹಾಲು ಹಾಕಿದ ಕೂಡಲೇ ಹಾಲಿನದೇ ರಾಜ್ಯ. ಸೊಸೆ ತವರಿನಿಂದ ತಂದಿದ್ದ ರೊಬಸ್ಟಾ ಎಂಬ ಇನ್ನೊಂದು ಜಾತಿಯ, ಗಟ್ಟಿ ರುಚಿಯ ಕಾಫಿ ಪುಡಿಯನ್ನು ಮೂರಕ್ಕೆ ಒಂದರಂತೆ ಬೆರೆಸಿದಳು, ಆಗ ಲೋಟ ಖಾಲಿಯಾಯಿತು. ಹಾಲಿನ ಕಾಫಿಯ ಮನೆಗಳವರು ಇದನ್ನು ತಿಳಿದೇ ಕೊಳ್ಳಬೇಕು; ಮಾರುವವರು ಹೇಳುವುದಿಲ್ಲ.

ಮೊದಲನೆಯದಕ್ಕೆ ಐದರಲ್ಲಿ ಒಂದು ಅಂಕ, ಅದೂ ಚಿಕೋರಿಯನ್ನು ಮುಚ್ಚಿಡದೆ ಅಚ್ಚು ಮಾಡಿದ್ದಕ್ಕೆ. ಎರಡನೆಯದಕ್ಕೆ ಮೂರೂವರೆ. ಮುಂದಿನ ಸಲ ಅದನ್ನೇ ತರಿಸುತ್ತೇನೆ, ಪುಡಿಯಲ್ಲ, ಹುರಿದ ಬೀಜ. ಶೇ 15 ರಿಯಾಯಿತಿ ಇಲ್ಲದಿದ್ದರೆ 560 ಕೊಡುವ ಮನಸ್ಸು ಸದ್ಯಕ್ಕಿಲ್ಲ.