ಆಂಕಿಡ್ರಾಯ್ಡ್: ನಾಲ್ಕು ಸೆಮಿಸ್ಟರ್ ಬಳಕೆಯ ನಂತರ

ಓದಿದ್ದು ಇನ್ನೇನು ಮರೆತುಹೋಗುತ್ತದೆ ಎನ್ನುವಾಗ ಮತ್ತೆ ಕೇಳುವುದು, ಪ್ರಶ್ನೆ-ಉತ್ತರದ ಕಾರ್ಡ್‌ಗಳ ಆ್ಯಪ್ ಆಂಕಿಡ್ರಾಯ್ಡ್ ಮಾಡುವ ಕೆಲಸ ಇಷ್ಟೇ. ಆಂಡ್ರಾಯ್ಡ್‌ನಲ್ಲಿ ಪೂರ್ತಿ ಉಚಿತ, ಜಾಹೀರಾತಿಲ್ಲ, ಬಸ್ಸಿನಲ್ಲಿ ನೆಟ್ ಹೋದರೂ ಓಡುತ್ತದೆ. ಐಫೋನಿನವರು ಆಂಕಿಮೊಬೈಲ್‌ಗೆ 24.99 ಡಾಲರ್ ಕೊಡಬೇಕು. ಬೇಡವೆಂದರೆ ಬ್ರೌಸರಿನಲ್ಲಿ ಆಂಕಿವೆಬ್ ಪುಕ್ಕಟೆ.

ಶುರುವಿನಲ್ಲಿ ಎಲ್ಲರಿಗೂ ಹಿಡಿಸುತ್ತದೆ. ಬಿಡುವವರು ಬಿಡುವುದು ಒಂದೆರಡು ತಿಂಗಳ ಮೇಲೆ, ಕಾರಣ ಬರೀ ಲೆಕ್ಕಾಚಾರ. ದಿನಕ್ಕೆ 20 ಹೊಸ ಕಾರ್ಡ್ ಎಂಬುದು ಆ್ಯಪ್‌ನಲ್ಲಿ ಮೊದಲೇ ಇರುವ ಸೆಟ್ಟಿಂಗ್. ಹೊಸದರ ಏಳರಿಂದ ಹತ್ತು ಪಟ್ಟು ಹಳೆಯವು ದಿನಾ ಮರಳಿ ಬರುತ್ತವೆ ಅಂದುಕೊಳ್ಳಿ: 140ರಿಂದ 200. ಒಂದಕ್ಕೆ ಒಂಬತ್ತು ಸೆಕೆಂಡ್ ಹಿಡಿದರೂ ಅರ್ಧ ಗಂಟೆಯ ಹತ್ತಿರ. ಇಂಟರ್ನಲ್ಸ್ ವಾರದಲ್ಲಿ ನಾಲ್ಕು ದಿನ ಬಿಟ್ಟರೆ ಆರೇಳು ನೂರು ಬಾಕಿ. ದಿನದ ಮಿತಿ 200 ಇರುವುದರಿಂದ ಪರದೆ ಮಾತ್ರ 200 ಎಂದೇ ತೋರಿಸುತ್ತದೆ, ಉಳಿದದ್ದು ಆ ಮಿತಿಯ ಹಿಂದೆ ಕೂತಿರುತ್ತದೆ. ಆಗ ಹೊಸ ಕಾರ್ಡ್‌ಗಳನ್ನು ಸೊನ್ನೆಗೆ ಇಳಿಸಿ, ಹಳೆಯದನ್ನೇ ತೀರಿಸಿ. ಮೊದಲಿನಿಂದಲೇ 8–10 ಇಟ್ಟುಕೊಂಡರೆ ಈ ಪಾಡಿಲ್ಲ.

ಡೆಕ್ (ಕಾರ್ಡ್‌ಗಳ ಕಟ್ಟು) ಆಪ್ಷನ್ಸ್‌ನಲ್ಲಿ ಎಫ್‌ಎಸ್‌ಆರ್‌ಎಸ್ ಆನ್ ಮಾಡಿ, ಯಾವ ಕಾರ್ಡ್ ಮತ್ತೆ ಯಾವಾಗ ಬರಬೇಕೆಂದು ಲೆಕ್ಕ ಹಾಕುವ ವಿಧಾನ ಅದು. ನೆನಪಿನ ಗುರಿ 0.90, ಅಂದರೆ ನೂರರಲ್ಲಿ ತೊಂಬತ್ತು, ಇರುತ್ತದೆ, ಅಲ್ಲೇ ಇರಲಿ. 0.97ಕ್ಕೆ ಏರಿಸಿದರೆ ಅಂಕ ಹೆಚ್ಚುವುದಕ್ಕಿಂತ ಮೊದಲು ಕೆಲಸ ಹೆಚ್ಚುತ್ತದೆ. ಇಲ್ಲಿ ಆಗುವ ದೊಡ್ಡ ತಪ್ಪು ‘ಹಾರ್ಡ್’ ಬಟನ್‌ನದು. ಮರೆತಿದ್ದರೆ ಒತ್ತಬೇಕಾದ್ದು ‘ಅಗೇನ್’. ಅದನ್ನು ಒತ್ತಲು ಮನಸ್ಸು ಬಾರದೆ ‘ಹಾರ್ಡ್’ ಒತ್ತಿದರೆ ಉತ್ತರ ಕಷ್ಟಪಟ್ಟಾದರೂ ಬಂತು ಎಂದೇ ಆ್ಯಪ್ ಲೆಕ್ಕ ಹಾಕುತ್ತದೆ, ಗೊತ್ತಿಲ್ಲದ ಕಾರ್ಡ್ ವಾರಗಟ್ಟಲೆ ದೂರ ಹೋಗುತ್ತದೆ.

ಬೇರೆಯವರ ಡೆಕ್ ಇಳಿಸಿಕೊಳ್ಳುವುದಕ್ಕಿಂತ ಸ್ವಂತ ಕಾರ್ಡ್ ಬರೆಯುವುದೇ ಮೇಲು. ಬರೆಯುವಾಗಲೇ ಅರ್ಧ ಓದು ಮುಗಿದಿರುತ್ತದೆ. ‘ಬ್ರಾಕಿಯಲ್ ಪ್ಲೆಕ್ಸಸ್ (ತೋಳಿನ ನರಜಾಲ) ವಿವರಿಸಿ’ ಎಂಬ ಕಾರ್ಡ್ ಕೆಲಸಕ್ಕೆ ಬಾರದು, ಪ್ರತಿ ಸಲ ಅರ್ಧಂಬರ್ಧ ನೆನಪಾಗಿ ಯಾವ ಬಟನ್ ಒತ್ತಬೇಕೆಂದೇ ತಿಳಿಯುವುದಿಲ್ಲ. ಅದನ್ನೇ ಒಡೆಯಿರಿ: ಬೇರುಗಳು ಎಲ್ಲಿಂದ ಎಲ್ಲಿವರೆಗೆ? ಸಿ5ರಿಂದ ಟಿ1. ಡೆಲ್ಟಾಯ್ಡ್‌ಗೆ ಹೋಗುವ ನರ? ಆಕ್ಸಿಲರಿ. ಮಣಿಕಟ್ಟು ಜೋತುಬಿದ್ದರೆ ಯಾವ ನರಕ್ಕೆ ಪೆಟ್ಟು? ರೇಡಿಯಲ್. ಎಂಟು ಸಲ ಮರೆತ ಕಾರ್ಡನ್ನು ಆ್ಯಪ್ ‘ಲೀಚ್’ ಎಂದು ಗುರುತು ಹಾಕುತ್ತದೆ, ಸೆಟ್ಟಿಂಗ್ ಹಾಗಿದ್ದರೆ ಪಕ್ಕಕ್ಕೂ ಇಡುತ್ತದೆ. ಅದನ್ನು ಹಾಗೇ ವಾಪಸ್ ತರಬೇಡಿ, ಪ್ರಶ್ನೆ ತಿದ್ದಿ ಬರೆಯಿರಿ.

ಕನ್ನಡ ಮಾಧ್ಯಮದವರಿಗೆ ಬೇರೆಯದೇ ತೊಡಕು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಆದ ನೋಟ್ಸ್ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದವು, ಫೋನಿಗೆ ಅದು ತಿಳಿಯದು. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಅರ್ಕಾವತ್ತು ಬಂದ ಪದಗಳನ್ನು ಕಣ್ಣಾರೆ ನೋಡಿ. ಎಕ್ಸೆಲ್‌ನಿಂದ ತರುವುದಾದರೆ ‘ಸಿಎಸ್‌ವಿ ಯುಟಿಎಫ್-8’ ಎಂದೇ ಸೇವ್ ಮಾಡಬೇಕು; ಬರೀ ಸಿಎಸ್‌ವಿ ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ.

ಹತ್ತು ಅಂಕದ ಪ್ರಬಂಧಕ್ಕೆ, ಲೆಕ್ಕ ಬಿಡಿಸುವುದಕ್ಕೆ ಇದು ಒದಗದು. ಅಲ್ಲಿ ಪೆನ್ನು ಹಿಡಿದು ಬರೆದೇ ಅಭ್ಯಾಸವಾಗಬೇಕು.

ಸಿಂಕ್ ವಿಷಯದಲ್ಲಿ ಒಂದು ಎಚ್ಚರ. ಕಾರ್ಡಿನ ನಮೂನೆಗೆ ಹೊಸ ಫೀಲ್ಡ್ (ಮಾಹಿತಿ ತುಂಬುವ ಖಾನೆ) ಸೇರಿಸಿದಾಗ ‘ಅಪ್‌ಲೋಡೋ ಡೌನ್‌ಲೋಡೋ’ ಎಂದು ಕೇಳಬಹುದು. ಆರಿಸಿದ ಕಡೆಯದು ಉಳಿಯುತ್ತದೆ, ಇನ್ನೊಂದು ಕಡೆಯದು ಅಳಿಯುತ್ತದೆ. ಆದ್ದರಿಂದ ನಮೂನೆ ಬದಲಿಸುವ ಮುಂಚೆಯೇ ಲ್ಯಾಪ್‌ಟಾಪ್, ಫೋನ್ ಎರಡನ್ನೂ ಸಿಂಕ್ ಮಾಡಿ. ಪ್ಲೇಸ್ಟೋರಿನಿಂದ ಈಚೆಗೆ ಹಾಕಿಕೊಂಡ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಫೋನಿನಲ್ಲಿದ್ದ ಕಾರ್ಡ್‌ಗಳೂ ಅದರ ಜೊತೆಗೇ ಹೋಗುತ್ತವೆ. ಫೋನ್ ರಿಪೇರಿಗೆ ಕೊಡುವ ಮುನ್ನ ಸಿಂಕ್ ಒತ್ತಿ, ಇಡೀ ಸಂಗ್ರಹವನ್ನು ಎಕ್ಸ್‌ಪೋರ್ಟ್ ಮಾಡಿ ಡ್ರೈವ್‌ಗೂ ಒಂದು ಪ್ರತಿ ಹಾಕಿಡಿ.